ಎಡಗಡೆಯ ಹಳದಿ ಲೈಟು

ಕೀ ಚನಿಯಪ್ಪ ಗೌಡರ ಅಂಗಿಯ ಕಿಸೆಯಲ್ಲಿತ್ತು. ಜೀಪಿನೊಳಗೆ ಯಾರೂ ಇರಲಿಲ್ಲ. ಆದರೂ ಮುಂದಿನ ಬಂಪರಿನ ಬಲಗಡೆಯ ಹಳದಿ ಲೈಟು ತನ್ನಷ್ಟಕ್ಕೆ ತಾನೇ ಹತ್ತಿಕೊಂಡಿತು.

ಮಧ್ಯಾಹ್ನ ಎರಡು ಗಂಟೆಯ ಬಿಸಿಲು. ಕಡಬ ಪೇಟೆ ದಾಟಿ ಪಂಜಕ್ಕೆ ಹೋಗುವ ರಸ್ತೆಯ ಬದಿಯಲ್ಲಿ ಅಸ್ಕರನ ಶೆಡ್ಡು. ಅದರ ಮುಂದೆ ಡಾಂಬರು ಕಾದು ವಾಸನೆ ಹೊಡೆಯುತ್ತಿತ್ತು. ಅಂಥ ಬೆಳಕಿನಲ್ಲಿ ಒಂದು ಲೈಟು ಹತ್ತಿದರೆಷ್ಟು, ಬಿಟ್ಟರೆಷ್ಟು? ಆದರೆ ಶೆಡ್ಡಿನ ಒಳಗೋಡೆಯ ಮೇಲೆ ಅರಸಿನ ನೀರು ಚೆಲ್ಲಿದ ಹಾಗೆ ದುಂಡನೆಯ ಬೆಳಕೊಂದು ಬಿದ್ದು ನಿಂತಾಗ ಅಸ್ಕರನ ಮೈ ಜುಮ್ಮೆಂದಿತು. ಇಪ್ಪತ್ತೆರಡು ವರ್ಷ ವಾಹನಗಳ ವಯರಿಂಗ್ ಕೆಲಸ ಮಾಡಿದವನು, ಹನ್ನೆರಡು ವೋಲ್ಟಿನ ಕರೆಂಟಿಗೆ ಹೆದರುವ ಜನವೇ ಅಲ್ಲ. ಆದರೂ ಒಂದು ಹೆಜ್ಜೆ ಹಿಂದೆ ಸರಿದ.

"ನೋಡಿದಿಯಾ?" ಎಂದರು ಚನಿಯಪ್ಪ ಗೌಡರು. "ನಾನು ಹೇಳಿದ್ದು ಸುಳ್ಳಲ್ಲ ಅಂತ ಈಗ ಗೊತ್ತಾಯ್ತಲ್ಲ?"

"ಸುಳ್ಳು ಅಂತ ನಾನು ಹೇಳಲಿಲ್ಲ ಗೌಡ್ರೆ."

"ಪುತ್ತೂರಿನವ ಎರಡು ಸಲ ನೋಡಿದ. ಸ್ವಿಚ್ಚು ಬದಲಿಸಿದ, ಎಂತದೋ ರಿಲೇ ಅಂತೆ, ಅದನ್ನೂ ಬದಲಿಸಿದ. ಮನೆಗೆ ತಂದು ಅಂಗಳದಲ್ಲಿ ನಿಲ್ಲಿಸಿದ್ದೇ ತಡ, ಪುನಃ ಹತ್ತಿತು. ಮತ್ತೆ ಅವ ಹೇಳಿದ, ಇದನ್ನು ಮೊದಲು ಹಾಕಿದವನ ಹತ್ತಿರವೇ ಹೋಗಿ ಅಂತ." ಗೌಡರು ಮುಖವನ್ನು ರಸ್ತೆಯ ಕಡೆಗೆ ತಿರುಗಿಸಿದರು. "ಇಲ್ಲದಿದ್ದರೆ ನಾನು ನಿನ್ನ ಬಾಗಿಲಿಗೆ ಬರುವವನಲ್ಲ."

ಅದು ಅಸ್ಕರನಿಗೂ ಗೊತ್ತಿತ್ತು. ಜೀಪು ಶೆಡ್ಡಿನ ಮುಂದೆ ಬಂದು ನಿಂತಾಗಲೇ ಅವನು ಅದರ ಗುರುತು ಹಿಡಿದಿದ್ದ. ಅದು ಗೌಡರ ಮಗ ಲತೀಶನ ಜೀಪು. ಎರಡು ವರ್ಷದ ಹಿಂದೆ, ಇಂಥದೇ ಚಳಿಗಾಲದ ಕೊನೆಯಲ್ಲಿ, ಲತೀಶ ಇದಕ್ಕೆ ಮಂಜಿನ ಲೈಟು ಹಾಕಿಸಿಕೊಳ್ಳಲು ಇದೇ ಶೆಡ್ಡಿಗೆ ಬಂದಿದ್ದ. ಬಿಸಿಲೆ ಘಾಟಿ ಹತ್ತಿ ಮೇಲಿನ ಸಂತೆಯಿಂದ ತರಕಾರಿ ತರುವುದು ಅವನ ಕೆಲಸ. ಬೆಳಗಿನ ಜಾವದ ಮಂಜಿನಲ್ಲಿ ಮೂಗಿನ ಮುಂದಿನ ರಸ್ತೆಯೂ ಕಾಣುವುದಿಲ್ಲ ಎಂದು ಹೇಳಿದ್ದ. ಅಸ್ಕರ್ ಎರಡು ಹಳದಿ ಲೈಟು ಹಾಕಿ ಕೊಟ್ಟ. ಮಾರನೆಯ ಬೆಳಿಗ್ಗೆ ಜೀಪು ಘಾಟಿಯ ಒಂದು ತಿರುವಿನಲ್ಲಿ ತಿರುಗದೆ ನೇರ ಹೋಗಿ ಮರಕ್ಕೆ ಹೊಡೆಯಿತು. ಮೂವತ್ತು ದಾಟದ ಹುಡುಗ, ಸ್ಟೇರಿಂಗು ಎದೆಗೆ ಬಡಿದು ಅಲ್ಲೇ ಹೋದ.

ಶವಾಗಾರದ ಅಂಗಳದಲ್ಲಿ ಊರಿಗೆ ಊರೇ ಸೇರಿತ್ತು. ಅಸ್ಕರನೂ ಹೋಗಿದ್ದ. ಚನಿಯಪ್ಪ ಗೌಡರು ಅವನನ್ನು ಕಂಡವರೇ ಎಲ್ಲರೂ ಕೇಳುವ ಹಾಗೆ ಕೂಗಿದ್ದರು: "ಇವನೇ! ಇವ ಹಾಕಿದ ಲೈಟು ಕೈಕೊಟ್ಟು ನನ್ನ ಮಗ ಹೋದದ್ದು!" ಯಾರೋ ಅವರನ್ನು ಹಿಡಿದುಕೊಂಡರು. ಯಾರೋ ಅಸ್ಕರನನ್ನು ರಸ್ತೆಯವರೆಗೆ ಬಿಟ್ಟು ಬಂದರು. ಅಷ್ಟೇ ಆದದ್ದು. ಪೊಲೀಸರು ಮಂಜು ಅಂತ ಬರೆದುಕೊಂಡರು, ಕೇಸಿಲ್ಲ, ಗಲಾಟೆಯಿಲ್ಲ. ಆದರೆ ಆ ಮಾತು ಕಡಬ, ಪಂಜ, ಸುಬ್ರಹ್ಮಣ್ಯ ಅಂತ ಎಲ್ಲ ಕಡೆ ಓಡಾಡಿತು. ಹಾರ್ನು ಕೆಟ್ಟರೆ, ಬ್ಯಾಟರಿ ಇಳಿದರೆ ಜನ ಅಸ್ಕರನ ಹತ್ತಿರ ಬಂದರು. ಲೈಟಿನ ಕೆಲಸಕ್ಕೆ ಮಾತ್ರ ಒಬ್ಬನೂ ಬರಲಿಲ್ಲ.

ಊರಿನ ಬಾಯನ್ನಾದರೂ ತಡೆದುಕೊಳ್ಳಬಹುದು. ಅಸ್ಕರನನ್ನು ತಿಂದದ್ದು ಅದಲ್ಲ. ರಾತ್ರಿ ಕಣ್ಣು ಮುಚ್ಚಿದರೆ ಅವನ ಬೆರಳುಗಳು ಆ ಜೀಪಿನ ವಯರಿನ ಗುಂಟ ಹೋಗುತ್ತಿದ್ದವು. ಗ್ರಿಲ್ಲಿನ ಹಿಂದಿನ ಜಾಯಿಂಟನ್ನು ಸರಿಯಾಗಿ ಹೊಸೆದಿದ್ದೆನೋ? ಟೇಪು ಎರಡು ಸುತ್ತು ಹಾಕಿದ್ದೆನೋ, ಮೂರೋ? ಅರ್ತಿನ ಬೋಲ್ಟು ಕಬ್ಬಿಣಕ್ಕೆ ತಾಗುವ ಹಾಗೆ ಕೆಳಗಿನ ಬಣ್ಣ ಕೆರೆದಿದ್ದೆನೋ, ಇಲ್ಲವೋ? ಹೆಂಡತಿ ಜುವೈರಿಯಾ ಒಂದು ದಿನ ಅವನ ಕೈ ಹಿಡಿದು ನಿಲ್ಲಿಸಿದ್ದಳು. ನಿದ್ದೆಯಲ್ಲಿ ಅವನು ಹೊದಿಕೆಯ ಅಂಚನ್ನು ವಯರಿನ ಹಾಗೆ ಹೊಸೆಯುತ್ತಿದ್ದನಂತೆ.

ಈಗ ಆ ಜೀಪೇ ಬಂದು ಎದುರು ನಿಂತು, ಯಾರೂ ಮುಟ್ಟದೆ ಕಣ್ಣು ಬಿಟ್ಟಿತ್ತು. ಒಂದೇ ಕಣ್ಣು. ಮರಕ್ಕೆ ಹೊಡೆದ ಎಡಗಡೆಯ ಲೈಟು ಒಡೆದು ಹೋಗಿದ್ದರಿಂದ ಬಂಪರ್ ನೇರ ಮಾಡಿದವರು ಅದನ್ನು ಹಾಗೆಯೇ ಬಿಟ್ಟು, ಮೇಲೆ ಕರಿ ಪ್ಲಾಸ್ಟಿಕ್ ಮುಚ್ಚಳ ಸಿಕ್ಕಿಸಿದ್ದರು. ಅಸ್ಕರ್ ಆ ಕಡೆ ನೋಡಲಿಲ್ಲ.

"ಯಾವಾಗಿಂದ ಹೀಗೆ?" ಎಂದು ಕೇಳಿದ.

"ಐದಾರು ತಿಂಗಳಾಯ್ತು. ರಿಪೇರಿ ಮಾಡಿಸಿ ತಂದ ಮೇಲೆ ಬಹಳ ದಿನ ಸುಮ್ಮನಿತ್ತು. ಮತ್ತೆ ಶುರುವಾಯ್ತು. ಮೊದಲು ಕಂಡದ್ದು ಲತೀಶನ ಅಮ್ಮ ಪೂವಮ್ಮನಿಗೆ." ಗೌಡರು ಬೆಂಚಿನ ಮೇಲೆ ಕುಳಿತರು. "ಸಂಜೆ ದನ ಕಟ್ಟಿ ಬರುವಾಗ ಹತ್ತಿತಂತೆ. ಅವಳು ಹೆದರಲಿಲ್ಲ ಮಾರಾಯ. ನಾನು ಹೆದರಿದೆ. ಅವಳು ಒಳಗೆ ಹೋಗಿ ಬಾಳೆಎಲೆ ತಂದು ಜೀಪಿನ ಮುಂದೆ ಹಾಕಿ ಅನ್ನ ಬಡಿಸಿದಳು. ಅವತ್ತು ಅವ ಉಣ್ಣದೆ ಹೋದದ್ದಲ್ವಾ, ಹಾಗೆ ಊಟಕ್ಕೆ ಬಂದಿದ್ದಾನೆ ಅಂತ. ಈಗ ಹತ್ತಿದಾಗೆಲ್ಲ ಬಡಿಸುದು. ಜೋಯಿಸರ ಹತ್ತಿರ ಪ್ರಶ್ನೆ ಇಟ್ಟು ನೋಡಿದೆವು, ಅಲ್ಲಿಯೂ ಹಾಗೇ ಬಂತು, ಅವ ಜೀಪು ಬಿಟ್ಟು ಹೋಗಿಲ್ಲ ಅಂತ."

ಅಸ್ಕರ್ ಬಾನೆಟ್ ಎತ್ತಿದ. ಬಾಯಲ್ಲಿ ಬಿಸ್ಮಿಲ್ಲಾ ಅಂದದ್ದು ಅಭ್ಯಾಸಬಲದಿಂದಲೋ, ಹೆದರಿಕೆಯಿಂದಲೋ ಅವನಿಗೇ ತಿಳಿಯಲಿಲ್ಲ.

ದೆವ್ವವೇ ಇರಲಿ, ಕರೆಂಟಿನ ದಾರಿ ಒಂದೇ. ಬ್ಯಾಟರಿಯಿಂದ ಹೊರಟದ್ದು ಫ್ಯೂಸಿಗೆ ಬರಬೇಕು, ಫ್ಯೂಸಿನಿಂದ ರಿಲೇಗೆ, ಅಲ್ಲಿಂದ ಲೈಟಿಗೆ. ರಿಲೇ ಎಂಬ ಆ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿಗೆ ಹತ್ತು ಅಂತ ಹೇಳುವುದು ಡ್ಯಾಶ್‌ಬೋರ್ಡಿನ ಸ್ವಿಚ್ಚು. ಅಸ್ಕರ್ ರಿಲೇಯನ್ನು ಎಳೆದ. ಗೋಡೆಯ ಹಳದಿ ಆರಿತು. ಮತ್ತೆ ಸಿಕ್ಕಿಸಿದ. 'ಟಿಕ್' ಅಂತ ಒಳಗೊಂದು ಸದ್ದಾಗಿ ಬೆಳಕು ಮರಳಿ ಬಂತು. ಅಂದರೆ ರಿಲೇಯ ತಪ್ಪಿಲ್ಲ. ಯಾರೋ ಅದಕ್ಕೆ ಹತ್ತು ಅಂತ ಹೇಳುತ್ತಲೇ ಇದ್ದಾರೆ. ಹೇಳುತ್ತಿರುವುದು ಡ್ರೈವರ್ ಸೀಟಿನ ಕಡೆಯಿಂದ.

ಆ ಸೀಟಿನಲ್ಲಿ ಕೂರಲು ಅವನಿಗೆ ಮನಸ್ಸು ಬರಲಿಲ್ಲ. ಹೊರಗೆ ನಿಂತೇ ಬಾಗಿಲಿನಿಂದ ಕೈ ಹಾಕಿ ಸ್ವಿಚ್ಚನ್ನು ಒತ್ತಿದ, ಬಿಟ್ಟ. ಯಾವ ವ್ಯತ್ಯಾಸವೂ ಇಲ್ಲ. ಬೇಸರದಿಂದ ಬಾಗಿಲನ್ನು ದಡಾರನೆ ಹಾಕಿದ. ಲೈಟು ಆರಿತು. ಬಾಗಿಲು ತೆಗೆದು ಇನ್ನೊಮ್ಮೆ ಹಾಕಿದ. ಏನೂ ಆಗಲಿಲ್ಲ. ಮೂರನೆಯ ಸಲ ಹಾಕಿದಾಗ ಗೋಡೆ ಮತ್ತೆ ಹಳದಿಯಾಯಿತು.

"ಅವನಿಗೆ ಬಾಗಿಲು ಹಾಗೆ ಬಡಿದರೆ ಆಗುದಿಲ್ಲ," ಎಂದರು ಗೌಡರು ಬೆಂಚಿನಿಂದ. ತಮಾಷೆಗೆ ಹೇಳಿದ್ದಲ್ಲ.

ಅಸ್ಕರ್ ಟಾರ್ಚು ಹಿಡಿದು, ಸೀಟಿನ ಮುಂದೆ ಕಾಲಿಡುವ ಜಾಗದಲ್ಲಿ ಅಂಗಾತ ಮಲಗಿ, ತಲೆಯನ್ನು ಡ್ಯಾಶ್‌ಬೋರ್ಡಿನ ಅಡಿಗೆ ತೂರಿಸಿದ. ಕುತ್ತಿಗೆಯ ಪಕ್ಕದಲ್ಲೇ ಕ್ಲಚ್ಚಿನ ಪೆಡಲು. ಲತೀಶನ ಕಾಲು ತುಳಿದು ತುಳಿದು ಅದರ ರಬ್ಬರು ಒಂದು ಮೂಲೆಯಲ್ಲಿ ಸವೆದಿತ್ತು. ಮೇಲೆ ಟಾರ್ಚು ಬಿಟ್ಟ. ಸ್ವಿಚ್ಚಿನ ಹಿಂಬದಿಯ ಎರಡು ಹಿತ್ತಾಳೆ ಪಾಯಿಂಟುಗಳು ಮುಚ್ಚಳವಿಲ್ಲದೆ ಬರಿಮೈಯಲ್ಲಿದ್ದವು. ಅವುಗಳ ಮುಂದೆಯೇ, ಸ್ಟೇರಿಂಗಿನ ಸರಳಿಗೆ ಕೆಂಪು ನೂಲಿನಿಂದ ಕಟ್ಟಿದ ತಾಮ್ರದ ತಗಡೊಂದು ನೇತಾಡುತ್ತಿತ್ತು. ಎರಡು ಬೆರಳಗಲದ ತಗಡು, ಮೇಲೆ ಕೊರೆದ ಗೆರೆಗಳು, ಮೂಲೆಯಲ್ಲಿ ಒಣಗಿದ ಗಂಧ. ಅದು ಈಗ ಎರಡು ಪಾಯಿಂಟುಗಳಿಗೂ ತಾಗಿ ಒರಗಿ ನಿಂತಿತ್ತು. ಸ್ವಿಚ್ಚು ಮಾಡಬೇಕಾದ ಕೆಲಸವನ್ನು ಅದು ಮಾಡುತ್ತಿತ್ತು, ಅಷ್ಟೆ. ಜೀಪು ಅಲುಗಿದಾಗ, ಗಾಳಿ ಬಂದಾಗ ತಾಗುತ್ತದೆ, ಇನ್ನೊಮ್ಮೆ ಅಲುಗಿದಾಗ ಬಿಡುತ್ತದೆ.

ಪುತ್ತೂರಿನವ ಇದನ್ನು ಕಾಣದೆ ಇರಲಿಕ್ಕೆ ಸಾಧ್ಯವೇ ಇಲ್ಲ. ಸ್ವಿಚ್ಚು ಬದಲಿಸುವಾಗ ಮೆಲ್ಲಗೆ ಬದಿಗೆ ಸರಿಸಿ, ಕೆಲಸ ಮುಗಿದ ಮೇಲೆ ಭಕ್ತಿಯಿಂದ ಮೊದಲಿದ್ದಲ್ಲೇ ತಂದು ಬಿಟ್ಟಿದ್ದಾನೆ. ದೈವದ ವಸ್ತುವಿನ ಮೇಲೆ ಯಾರು ಸಂಶಯಪಡುತ್ತಾರೆ? ಅಸ್ಕರ್ ಕೂಡ ಕೈ ಚಾಚಿದವನು ಅರ್ಧದಲ್ಲಿ ತಡೆದ.

"ಗೌಡ್ರೆ, ಸ್ವಲ್ಪ ಬನ್ನಿ. ಇಲ್ಲಿ ನಿಮ್ಮದೊಂದು ತಗಡು ಉಂಟು. ನೀವೇ ತೆಗಿಬೇಕು. ನಾನು ಮುಟ್ಟುದು ಸರಿಯಾಗುದಿಲ್ಲ."

ಚನಿಯಪ್ಪ ಗೌಡರು ಚಪ್ಪಲಿ ಕಳಚಿ ಬಂದು, ಸೊಂಟ ಹಿಡಿದುಕೊಂಡು ಬಗ್ಗಿ, ಅಸ್ಕರ್ ಹೇಳಿದಲ್ಲಿಗೆ ಕೈ ಹಾಕಿದರು. ತಗಡು ಪಾಯಿಂಟಿನಿಂದ ಬಿಟ್ಟದ್ದೇ ಗೋಡೆಯ ಬೆಳಕು ಆರಿತು. ಅವರು ನೂಲು ಬಿಚ್ಚಿ ತಗಡನ್ನು ಹೊರಗೆ ತಂದು ಬಿಸಿಲಿಗೆ ಹಿಡಿದರು.

"ಪೂವಮ್ಮ ಕಟ್ಟಿದ್ದು," ಎಂದರು. "ಆರು ತಿಂಗಳ ಹಿಂದೆ ನಾನು ಇದನ್ನು ಓಡಿಸ್ಲಿಕ್ಕೆ ಶುರು ಮಾಡಿದಾಗ ತಂತ್ರಿಗಳ ಹತ್ತಿರ ಮಾಡಿಸಿ ತಂದದ್ದು. ನನಗೂ ಏನಾದ್ರೂ ಆದೀತು ಅಂತ ಅವಳಿಗೆ." ತಗಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಹಾಗಾದ್ರೆ ಅವ ಅಲ್ಲ."

"ಅಲ್ಲ ಗೌಡ್ರೆ."

"ಇನ್ನು ಹತ್ತುದಿಲ್ಲ."

"ಹತ್ತುದಿಲ್ಲ."

"ಅವಳು ಎಲೆ ಹಾಕಿ ಕಾದ್ರೆ?"

ಅಸ್ಕರ್ ಮತ್ತೆ ಡ್ಯಾಶ್‌ಬೋರ್ಡಿನ ಅಡಿಗೆ ತಲೆ ತೂರಿಸಿದ. ಅವನು ಎರಡು ಪಾಯಿಂಟುಗಳಿಗೂ ರಬ್ಬರಿನ ಮುಚ್ಚಳ ಹಾಕಿ, ಮೇಲೆ ಟೇಪು ಸುತ್ತಿ ಹೊರಗೆ ಬಂದ. ಗೌಡರು ತಗಡನ್ನು ಕಣ್ಣಿಗೊತ್ತಿಕೊಂಡು ಕಿಸೆಗೆ ಹಾಕಿದರು. ಇನ್ನೇನು, ಹೊರಡುತ್ತಾರೆ ಅಂದುಕೊಂಡ. ಆದರೆ ಅವರು ಜೀಪಿನ ಮುಂದೆ ಹೋಗಿ, ಎಡಗಡೆಯ ಕರಿ ಮುಚ್ಚಳದ ಮೇಲೆ ಕೈಯಿಟ್ಟು ನಿಂತರು.

"ನಾನು ಬಂದದ್ದು ಅದಕ್ಕೆ ಮಾತ್ರ ಅಲ್ಲ ಅಸ್ಕರ್. ಅವತ್ತು ಈ ಲೈಟು ಹತ್ತಿತ್ತಾ, ಇಲ್ವಾ? ಅದನ್ನು ಈಗ ಹೇಳ್ಲಿಕ್ಕೆ ಆಗ್ತದಾ?"

ಎರಡು ವರ್ಷದಿಂದ ಅಸ್ಕರ್ ತನ್ನನ್ನು ತಾನೇ ಕೇಳಿಕೊಳ್ಳುತ್ತಿದ್ದ ಪ್ರಶ್ನೆ ಅದು. ಗ್ರಿಲ್ಲಿನ ಹಿಂದಿನ ಅವನ ಹಳೇ ಜಾಯಿಂಟು ಈಗ ಇರಲಿಲ್ಲ. ಬಾನೆಟ್ ಎತ್ತಿದ ಕೂಡಲೇ ಅವನ ಕಣ್ಣು ಹೋದದ್ದು ಅಲ್ಲಿಗೇ. ಪುತ್ತೂರಿನವ ಅದನ್ನು ಕತ್ತರಿಸಿ ಹೊಸತು ಹಾಕಿದ್ದ. ಎಡಗಡೆಗೆ ಹೋಗುವ ವಯರು ಮರಕ್ಕೆ ಹೊಡೆದಾಗಲೇ ಹರಿದದ್ದು, ಹಾಗೇ ಜೋತಾಡುತ್ತಿತ್ತು. ಆ ಲೈಟಿಗೆ ಆಮೇಲೆ ಕರೆಂಟು ಹೋಗಿಯೇ ಇಲ್ಲ. ಅಂದರೆ ಮುಚ್ಚಳದೊಳಗಿನ ಒಡೆದ ಬಲ್ಬು ಆ ಬೆಳಗಿನ ಜಾವದ ಹೊತ್ತಿನಲ್ಲೇ ನಿಂತುಹೋಗಿದೆ. ಅದನ್ನು ನೋಡಿದರೆ ಸಾಕು.

"ಆಗ್ತದೆ," ಅಂದುಬಿಟ್ಟ. ಮಾತು ಅವನಿಗಿಂತ ಮುಂದೆ ಓಡಿತು. "ನನಗೆ ಕೆಲಸ ಕಲಿಸಿದ ಮೇಸ್ತ್ರಿ ತೋರಿಸಿದ್ರು. ಬಲ್ಬು ಹತ್ತಿರುವಾಗ ಗಾಜು ಒಡೆದ್ರೆ ಒಳಗಿನ ತಂತಿಗೆ ಗಾಳಿ ತಾಗಿ ಸುಟ್ಟುಹೋಗ್ತದೆ. ಸುತ್ತ ಬೂದಿಯ ಹಾಗೆ ಬಿಳಿ ಪುಡಿ ಕೂತಿರ್ತದೆ. ಆರಿರುವಾಗ ಒಡೆದ್ರೆ ತಂತಿಗೆ ಎಂತದೂ ಆಗುದಿಲ್ಲ, ಹೊಸತರ ಹಾಗೆ ಹೊಳಿತಾ ಇರ್ತದೆ. ಮಂಜಿನಲ್ಲಿ ಅವ ಲೈಟು ಹಾಕದೆ ಇರುವವನಲ್ಲ. ತಂತಿ ಹೊಳಿತಾ ಇದ್ರೆ ನನ್ನ ವಯರಿಂಗೇ ಕೈಕೊಟ್ಟದ್ದು ಗೌಡ್ರೆ. ಬಿಳಿ ಇದ್ರೆ ಲೈಟು ಸರಿ ಇತ್ತು."

"ತೆಗಿ," ಎಂದರು ಗೌಡರು. ಆದರೆ ಮುಚ್ಚಳದ ಮೇಲಿನ ಕೈಯನ್ನು ತೆಗೆಯಲಿಲ್ಲ.

ಅಸ್ಕರ್ ಸ್ಕ್ರೂಡ್ರೈವರ್ ಹಿಡಿದು ಕಾದ.

"ಅವತ್ತು ಹಿಂದಿನ ದಿನ ಅವ ಇಲ್ಲಿಗೆ ಬಂದದ್ದು ಎಷ್ಟು ಗಂಟೆಗೆ?"

"ಹನ್ನೊಂದು ಆಗಿರ್ಬಹುದು."

"ಹೋದದ್ದು?"

"ಏಳು ಕಳೆದಿತ್ತು. ಹಗಲಿಗೆ ಲೈಟಿನ ಲೆವೆಲ್ ಸಿಗುದಿಲ್ಲ. ಕತ್ತಲೆಯಾಗ್ಲಿ, ಈ ಗೋಡೆಗೆ ಹಾಕಿ ಸರಿ ಮಾಡಿ ಕೊಡ್ತೇನೆ ಅಂತ ನಾನೇ ನಿಲ್ಲಿಸಿದ್ದು."

ಗೌಡರು ತಲೆಯಾಡಿಸಿದರು. ಆಮೇಲೆ ಹೇಳಿದ ಮಾತನ್ನು ಅವರು ಅಸ್ಕರನಿಗೆ ಹೇಳಿದರೋ, ಜೀಪಿಗೆ ಹೇಳಿದರೋ ಗೊತ್ತಾಗಲಿಲ್ಲ. "ಮನೆಯಲ್ಲಿ ಒಂದು ದನ ಇತ್ತು. ಕೊಯಿಲದಿಂದ ಕರುವಾಗಿ ತಂದು ಸಾಕಿದ್ದು. ಅವತ್ತು ಮಧ್ಯಾಹ್ನ ಅದಕ್ಕೆ ನೋವು ಶುರುವಾಯ್ತು. ಕರು ಅಡ್ಡ ಬಂದಿತ್ತು. ಡಾಕ್ಟ್ರನ್ನು ಕರ್ಕೊಂಡು ಬರ್ಲಿಕ್ಕೆ ಜೀಪು ಬೇಕಿತ್ತು. ಎಷ್ಟು ಸಲ ಫೋನ್ ಮಾಡಿದೆ. ರಿಂಗ್ ಆಗುದು, ತೆಗಿಯುದಿಲ್ಲ."

ಅಸ್ಕರನಿಗೆ ನೆನಪಾಯಿತು. ಬ್ಯಾಟರಿಯ ಹತ್ತಿರ ಕೆಲಸ ಮಾಡುವಾಗ ಅಡ್ಡವಾಗುತ್ತದೆ ಅಂತ ಲತೀಶ ಫೋನನ್ನು ಜೀಪಿನೊಳಗೆ ಎಸೆದಿದ್ದ. ಇಡೀ ಮಧ್ಯಾಹ್ನ ಇದೇ ಬೆಂಚಿನಲ್ಲಿ ಕುಳಿತು ನಗಾಡುತ್ತಾ, ಅಸ್ಕರ್ಚಾ, ನಿಮ್ಮ ಲೈಟು ಹಾಕಿದ ಮೇಲೆ ಮಂಜೇ ನನ್ನನ್ನು ಕಂಡು ಓಡಬೇಕು, ಅಂತಿದ್ದ.

"ಅವ ಬರುವಾಗ ದನವೂ ಇಲ್ಲ, ಕರುವೂ ಇಲ್ಲ. ಹೊಸ ಲೈಟು ಹಾಕಿಕೊಂಡು ಅಂಗಳಕ್ಕೆ ಬಂದ, ತೋರಿಸ್ಲಿಕ್ಕೆ. ಸತ್ತು ಬಿದ್ದ ದನದ ಮೇಲೆ ಈ ಬೆಳಕು ಬಿತ್ತು. ನನಗೆ ತಲೆ ಕೆಟ್ಟಿತು. ಅದು ಸಾಯುದಕ್ಕಿಂತ ನೀನು ಸತ್ತಿದ್ರೆ ಆಗ್ತಿತ್ತು ಅಂತ ಹೇಳಿದೆ." ಗೌಡರು ಮುಚ್ಚಳದ ಧೂಳನ್ನು ಬೆರಳಿನಿಂದ ಒರೆಸಿದರು. "ಪೂವಮ್ಮನ ಎದುರೇ ಹೇಳಿದೆ. ಅವ ಒಂದು ಮಾತು ಆಡಲಿಲ್ಲ. ಉಣ್ಣಲಿಲ್ಲ. ಬೆಳಿಗ್ಗೆ ನಾವು ಏಳುವ ಮೊದಲೇ ಹೋದ."

ರಸ್ತೆಯಲ್ಲಿ ಲಾರಿಯೊಂದು ಹೋಗಿ ಧೂಳು ಬಂದು ಕೂತಿತು.

"ಲೈಟು ಆರಿದ್ರೆ," ಎಂದರು ಗೌಡರು, "ಅವನಿಗೆ ತಿರುವು ಕಾಣಲಿಲ್ಲ. ಕಾಣದೆ ಹೋದ. ಅದು ಲೈಟಿನ ತಪ್ಪು, ನಿನ್ನ ತಪ್ಪು. ಹತ್ತಿದ್ರೆ, ಕಂಡೂ..." ಅಲ್ಲಿಗೆ ನಿಲ್ಲಿಸಿದರು. ಮುಚ್ಚಳದ ಮೇಲಿನ ಕೈಯನ್ನು ತೆಗೆದು ಬೆಂಚಿಗೆ ಹೋಗಿ ಕುಳಿತರು. "ತೆಗಿ. ಎಂತದೇ ಇರ್ಲಿ, ಸುಳ್ಳು ಮಾತ್ರ ಹೇಳ್ಬೇಡ."

ಅಸ್ಕರ್ ಜೀಪಿನ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಬೆನ್ನು ಬೆಂಚಿನ ಕಡೆಗಿತ್ತು. ಮುಚ್ಚಳ ಸುಲಭವಾಗಿ ಬಂತು. ಸ್ಕ್ರೂಗಳು ತುಕ್ಕು ಹಿಡಿದಿದ್ದವು, ಡೀಸೆಲ್ ಹಚ್ಚಿ ಒಂದೊಂದಾಗಿ ತಿರುಗಿಸಿದ. ಎರಡು ಸಲ ಸ್ಕ್ರೂಡ್ರೈವರ್ ಕೈಯಿಂದ ಜಾರಿತು. ತಂತಿ ಹೊಳೆಯುತ್ತಿದ್ದರೆ ಏನು ಮಾಡುವುದು ಅಂತ ಅವನು ಯೋಚಿಸಿರಲಿಲ್ಲ. ಯಾ ಅಲ್ಲಾ, ಹೊಳೆಯದಿರಲಿ, ಎಂದಷ್ಟೇ ಬೇಡಿಕೊಂಡ. ಒಡೆದ ಗಾಜಿನ ಚೂರುಗಳು ಕೆಳಗೆ ಬಿದ್ದವು. ಒಳಗಿನ ಕನ್ನಡಿಯಂಥ ಬಟ್ಟಲು ಕಂಡಿತು.

ಬಟ್ಟಲಿನ ಒಳಮೈಯಲ್ಲಿ ಬಿಳಿ ಹೊಗೆ ಹಿಡಿದಿತ್ತು. ಬಲ್ಬಿನ ಬುಡದಲ್ಲಿ, ಸುಟ್ಟು ಉಳಿದ ತಂತಿಯ ಎರಡು ಮೊಂಡು ತುದಿಗಳ ಸುತ್ತ, ಅಕ್ಕಿಹಿಟ್ಟು ಉದುರಿಸಿದ ಹಾಗೆ ನುಣ್ಣಗೆ ಪುಡಿ ಕೂತಿತ್ತು.

ಹತ್ತಿತ್ತು. ಮರಕ್ಕೆ ಹೊಡೆಯುವ ಕ್ಷಣದವರೆಗೂ ಹತ್ತಿಯೇ ಇತ್ತು.

ಅಸ್ಕರನಿಗೆ ಒಮ್ಮೆಗೇ ಉಸಿರು ಬಿಟ್ಟ ಹಾಗಾಯಿತು. ಎರಡು ವರ್ಷದಿಂದ ಎದೆಯ ಮೇಲೆ ಕೂತದ್ದು ಎದ್ದುಹೋಗಿ, ಕಣ್ಣಲ್ಲಿ ನೀರು ಬಂತು. ಅಲ್‌ಹಮ್ದುಲಿಲ್ಲಾ. ಜಾಯಿಂಟು ಸರಿಯಿತ್ತು. ಅರ್ತು ಸರಿಯಿತ್ತು. ಟೇಪು ಎರಡು ಸುತ್ತೋ, ಮೂರು ಸುತ್ತೋ, ಸಾಕಷ್ಟಿತ್ತು. ಈಗಲೇ ಎದ್ದು ಪೇಟೆಯ ನಡುವೆ ನಿಂತು ಈ ಬಲ್ಬನ್ನು ಎಲ್ಲರಿಗೂ ತೋರಿಸಬೇಕು ಅನ್ನಿಸಿತು. ಮೊದಲು ಜುವೈರಿಯಾಳಿಗೆ ತೋರಿಸಬೇಕು. ನಗುತ್ತಲೇ ತಿರುಗಿದ.

ಚನಿಯಪ್ಪ ಗೌಡರು ಬೆಂಚಿನಲ್ಲಿ ಎರಡೂ ಕೈಗಳನ್ನು ಮೊಣಕಾಲಿನ ಮೇಲಿಟ್ಟು, ಕಣ್ಣು ಮುಚ್ಚಿ ಕುಳಿತಿದ್ದರು. ತುಟಿ ಅಲುಗುತ್ತಿತ್ತು. ಅವರೂ ಬೇಡಿಕೊಳ್ಳುತ್ತಿದ್ದರು. ಏನು ಬೇಡಿಕೊಳ್ಳುತ್ತಿದ್ದಾರೆ ಅಂತ ಕೇಳಬೇಕಾಗಿರಲಿಲ್ಲ.

ಅಸ್ಕರ್ ಮತ್ತೆ ಲೈಟಿನ ಕಡೆಗೆ ತಿರುಗಿದ. ನಗು ಮುಖದಲ್ಲೇ ಉಳಿದು ಹುಳಿಯಾಯಿತು. ಬೆಳಗಿನ ಜಾವ, ಹೊಚ್ಚ ಹೊಸ ಎರಡು ಲೈಟು, ರಸ್ತೆಯ ಮೇಲೆ ಇವನೇ ಅಳತೆ ಹಿಡಿದು ಕೊಟ್ಟ ಹಳದಿ ಬೆಳಕು, ಅದರಲ್ಲಿ ಚೆನ್ನಾಗಿ ಕಾಣುವ ತಿರುವು, ಮರ. ನಿದ್ದೆಗಣ್ಣು ಇದ್ದಿರಬಹುದು. ಹಂದಿ ಅಡ್ಡ ಬಂದಿರಬಹುದು. ಇರಬಹುದು. ಆದರೆ ಆ ಮುದುಕ ಮನೆಗೆ ಕೊಂಡುಹೋಗುವುದು ಇರಬಹುದುಗಳನ್ನಲ್ಲ. ತಾನು ಆಡಿದ ಒಂದು ಮಾತನ್ನು ಕೊಂಡುಹೋಗುತ್ತಾನೆ, ಪೂವಮ್ಮನ ಎದುರಿಗೆ ಕೂರುತ್ತಾನೆ.

"ಕಾಣ್ತದಾ?" ಗೌಡರು ಕೇಳಿದರು, ಕಣ್ಣು ತೆರೆಯದೆ.

"ಬಲ್ಬು ಬುಡದಲ್ಲಿ ಹಿಡಿದಿದೆ ಗೌಡ್ರೆ. ಸಣ್ಣ ಪ್ಲೇಯರ್ ತರ್ತೇನೆ."

ಶೆಡ್ಡಿನ ಒಳಗೆ, ಕಪಾಟಿನ ಹಿಂದೆ, ಅವನು ಹೊಸ ಬಲ್ಬೊಂದನ್ನು ಡಬ್ಬಿಯಿಂದ ತೆಗೆದ. ಹಳೇ ಬಟ್ಟೆಯಲ್ಲಿ ಸುತ್ತಿ, ಪ್ಲೇಯರಿನ ಬಾಯಿಗೆ ಕೊಟ್ಟು ಒತ್ತಿದ. ಒಳಗೆ ಮೆಲ್ಲಗೆ 'ಪಟ್' ಅಂದಿತು. ಗಾಜಿನ ಚೂರುಗಳನ್ನು ಕೊಡವಿದ. ತಂತಿ ಹಾಗೆಯೇ ಇತ್ತು, ಸಣ್ಣ ಸ್ಪ್ರಿಂಗು, ಹೊಳೆಯುತ್ತಾ. ಹಿತ್ತಾಳೆಯ ಬುಡಕ್ಕೆ ಗ್ರೀಸು ಹಚ್ಚಿ ನೆಲದ ಧೂಳಿನಲ್ಲಿ ಉಜ್ಜಿದ. ಇಷ್ಟು ಮಾಡುವಾಗ ಏನೂ ಕೈಯಿಂದ ಜಾರಲಿಲ್ಲ, ಅದೇ ಅವನಿಗೆ ವಿಚಿತ್ರವಾಯಿತು. ಹೊರಗೆ ಬಂದು ಮತ್ತೆ ಬೆನ್ನು ಅಡ್ಡ ಮಾಡಿ ಕುಳಿತ. ಹಳೆಯ ಬಲ್ಬನ್ನು ಬಿಚ್ಚಿ ಅಂಗೈಯೊಳಗೆ ಮುಚ್ಚಿಕೊಂಡ. ಬಟ್ಟಲಿನ ಬಿಳಿ ಹೊಗೆಯನ್ನು ಹೆಬ್ಬೆರಳಿನಿಂದ ಸುತ್ತಲೂ ಒರೆಸಿ ತೆಗೆದ. ಅದು ಕಷ್ಟಕೊಡದೆ ಬಂತು.

"ನೋಡಿ ಗೌಡ್ರೆ," ಎಂದು ಎದ್ದು ಹೋಗಿ, ಅವರ ಅಂಗೈಯಲ್ಲಿ ಬಲ್ಬನ್ನು ಇಟ್ಟ.

ಗೌಡರು ಅದನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು, ಬಿಸಿಲಿಗೆ ತಿರುಗಿಸಿದರು. ತಂತಿ ಮಿಣುಕ್ ಅಂತ ಮಿನುಗಿತು.

"ಹೊಳಿತಾ ಉಂಟು," ಎಂದರು.

"ಹೌದು."

"ಹತ್ತಿರಲಿಲ್ಲ."

"ಹತ್ತಿರಲಿಲ್ಲ ಗೌಡ್ರೆ. ನನ್ನ ಜಾಯಿಂಟು ಬಿಟ್ಟಿರ್ಬೇಕು. ದಾರಿಯ ಮಧ್ಯದಲ್ಲಿ ಒಮ್ಮೆಗೇ ಆರಿದ್ರೆ ಯಾರಿಗೂ ಎಂತದೂ ಕಾಣುದಿಲ್ಲ."

ಚನಿಯಪ್ಪ ಗೌಡರು ಅತ್ತರು. ಶವಾಗಾರದ ಅಂಗಳದಲ್ಲಿ ಕೂಗಿದವರು ಅವತ್ತು ಅತ್ತಿರಲಿಲ್ಲ. ಈಗ ಹೆಗಲ ಮೇಲಿನ ಬೈರಾಸು ಬಟ್ಟೆಯನ್ನು ಬಾಯಿಗೊತ್ತಿಕೊಂಡು, ಮೈಯೆಲ್ಲ ಅಲುಗುವ ಹಾಗೆ ಅತ್ತರು. ಅಸ್ಕರ್ ಕುಡಿಯಲು ನೀರು ತಂದುಕೊಟ್ಟ. ಅವರು ಕುಡಿದರು. ಫೋನು ತೆಗೆದು ಮನೆಗೆ ಮಾಡಿದರು. ಮನೆಮಾತಾದ ಅರೆಭಾಷೆಯಲ್ಲಿ ಮೆಲ್ಲಗೆ, ಸಣ್ಣ ಮಗುವಿಗೆ ಹೇಳುವ ಹಾಗೆ ಪೂವಮ್ಮನಿಗೆ ಹೇಳಿದರು. ಲೈಟು ಆರಿತ್ತಂತೆ, ಅವನಿಗೆ ಕಾಣಲೇ ಇಲ್ಲವಂತೆ, ಅಸ್ಕರ್ ತೆಗೆದು ತೋರಿಸಿದ, ನಾನೇ ಕಣ್ಣಾರೆ ನೋಡಿದೆ ಎಂದು. ಆ ಕಡೆಯಿಂದ ಒಂದೇ ಮಾತು ಬಂತು. ಫೋನಿನ ಸ್ವರ ದೊಡ್ಡದಿದ್ದುದರಿಂದ ಅಸ್ಕರನಿಗೂ ಕೇಳಿಸಿತು. ಮನೆಗೆ ಬನ್ನಿ, ಉಣ್ಣುವ, ಎಂದಿದ್ದಳು.

ಗೌಡರು ಬಲ್ಬನ್ನು ಬೈರಾಸಿನ ತುದಿಯಲ್ಲಿ ಗಂಟು ಕಟ್ಟಿಕೊಂಡರು. ಅವಳಿಗೆ ತೋರಿಸಬೇಕು ಅಂದರು. ಜೀಪು ಹತ್ತಿ ಕೂತ ಮೇಲೆ ಅಸ್ಕರನ ಮುಖ ನೋಡಿ ಮಾತಾಡಿದರು, ಬಂದಾಗಿನಿಂದ ಮೊದಲ ಸಲ.

"ನಾನು ನಿನ್ನ ಮೇಲೆ ಕೇಸು ಮಾಡುವವನಲ್ಲ. ಬೇಕಂತ ಮಾಡಿದ್ದಲ್ಲ, ಅದು ನನಗೆ ಗೊತ್ತುಂಟು. ಒಪ್ಪಿಕೊಂಡಿಯಲ್ಲ, ಎಲ್ಲರಿಗೂ ಆಗುದಿಲ್ಲ ಅದು. ಆದ್ರೆ ಒಂದು ಮಾತು ಕೊಡು. ಇನ್ನು ಯಾರ ಗಾಡಿಗೂ ಲೈಟು ಹಾಕ್ಬೇಡ. ಬೇರೆಯವರ ಮನೆಯಲ್ಲಿಯೂ ಮಕ್ಕಳು ಉಂಟು."

ಅಸ್ಕರನ ಮುಚ್ಚಿದ ಅಂಗೈಯಲ್ಲಿ ಬಲ್ಬಿನ ಒಡಕು ಅಂಚು ಚುಚ್ಚುತ್ತಿತ್ತು. ಕೈ ತೆರೆದರೆ ಸಾಕಿತ್ತು.

"ಹಾಕುದಿಲ್ಲ ಗೌಡ್ರೆ," ಎಂದ.

ಜೀಪು ಪಂಜದ ಕಡೆಗೆ ಹೋಯಿತು. ಎದ್ದ ಧೂಳು ಇಳಿಯುವ ಮೊದಲೇ ನೆಲ್ಯಾಡಿ ಕಡೆಯ ಸಿಜೋ ತನ್ನ ಪಿಕಪ್ ತಂದು ನಿಲ್ಲಿಸಿದ. ರಬ್ಬರ್ ಶೀಟ್ ಸಾಗಿಸುವ ಹುಡುಗ, ಈ ಕಡೆಗೆ ಹೊಸಬ. ಸೀಟಿನ ಮೇಲಿಂದ ಒಂದು ಪೆಟ್ಟಿಗೆ ತೆಗೆದು ತೋರಿಸಿದ. ಹಳದಿ ಲೈಟು, ಒಂದು ಜೊತೆ.

"ಅಸ್ಕರ್ಚಾ, ಸಂಜೆಯೊಳಗೆ ಹಾಕಿ ಕೊಡ್ತೀರಾ? ನಾಳೆ ಘಾಟಿ ಹತ್ತಬೇಕು."

"ಇಲ್ಲ ಮಾರಾಯ. ನಾನು ಲೈಟಿನ ಕೆಲಸ ಮಾಡುದಿಲ್ಲ."

"ಎಂತ ಹೇಳುದು ನೀವು? ವಯರಿಂಗಿನವರು ಲೈಟಿನ ಕೆಲಸ ಮಾಡದಿದ್ರೆ ಹೇಗೆ?"

"ಬಿಟ್ಟಿದ್ದೇನೆ."

ಸಿಜೋ ಅವನ ಮುಖವನ್ನೊಮ್ಮೆ, ಪೆಟ್ಟಿಗೆಯನ್ನೊಮ್ಮೆ ನೋಡಿ, ಭುಜ ಕುಣಿಸಿ ಹೊರಟುಹೋದ. ಅವನಿಗೆ ಪೇಟೆಯಲ್ಲಿ ಯಾರಾದರೂ ಕಾರಣ ಹೇಳುತ್ತಾರೆ. ನಾಳೆಯ ಹೊತ್ತಿಗೆ, ಅಸ್ಕರನೇ ಬಾಯಿಬಿಟ್ಟು ಒಪ್ಪಿಕೊಂಡನಂತೆ ಅನ್ನುವುದೂ ಸೇರಿರುತ್ತದೆ.

ಅಸ್ಕರ್ ಶೆಡ್ಡಿನ ಮೂಲೆಯಲ್ಲಿದ್ದ ಗುಜರಿ ಡಬ್ಬಿಯ ಮೇಲೆ ಕೈ ಚಾಚಿ ಬೆರಳು ಬಿಡಿಸಿದ. ಸುಟ್ಟ ಬಲ್ಬು ಇತರ ಬಲ್ಬುಗಳ ನಡುವೆ ಬಿದ್ದು, ಯಾವುದು ಅದು ಅಂತ ಅವನಿಗೇ ಗುರುತು ಸಿಗದ ಹಾಗಾಯಿತು. ಅಷ್ಟು ಹೊತ್ತಿಗೆ ಮಸೀದಿಯಿಂದ ಅಸರ್ ಬಾಂಗು ಕೇಳಿಸಿತು. ಶಟರನ್ನು ಅರ್ಧ ಎಳೆದು, ನಮಾಜಿಗೆ ಕೈಕಾಲು ತೊಳೆಯಲು ಹಿಂದಿನ ನಲ್ಲಿಯ ಹತ್ತಿರ ಹೋದ. ತೋಳು ಮಡಚಿ, ಎಡಗೈಯಿಂದ ನಲ್ಲಿ ತಿರುಗಿಸಿದ. ಬಲಗೈಯ ಹೆಬ್ಬೆರಳಿನ ತುದಿಗೆ ಬಿಳಿ ಪುಡಿ ಇನ್ನೂ ಅಂಟಿಕೊಂಡಿತ್ತು. ನೀರು ಕಲ್ಲಿನ ಮೇಲೆ ಸುರಿಯುತ್ತಲೇ ಇತ್ತು. ಅಸ್ಕರ್ ಬೆರಳನ್ನು ನೀರಿಗೆ ಹಿಡಿಯದೆ, ಬದಿಗೆ ಚಾಚಿಕೊಂಡು ನಿಂತಿದ್ದ.